2013ರ ಪೆಟ್ರೋಲ್ ಕಾರು ಬಿಟ್ಟು ಎಲೆಕ್ಟ್ರಿಕ್ ತಗೊಂಡರೆ ಹೊಗೆ ನಿಜವಾಗಿ ಕಮ್ಮಿ ಆಗುತ್ತಾ? (ಮಂಡ್ಯ–ಮೈಸೂರು ದಿನದ ಓಡಾಟ)

ಕೆರೆಏರಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2013ರ ಒಂದು ಸಣ್ಣ ಪೆಟ್ರೋಲ್ ಕಾರು ಇದೆ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ಹೋಗಿ ಬಂದರೆ ದಿನಕ್ಕೆ 90 ಕಿಲೋಮೀಟರ್ ಹತ್ತಿರ ಆಗುತ್ತದೆ. ಮೊದಲು ಲೀಟರಿಗೆ 15 ಕೊಡುತ್ತಿದ್ದ ಗಾಡಿ ಈಗ 14ಕ್ಕೆ ಇಳಿದಿದೆ. ಬಂಕ್‌ನಲ್ಲಿ ಈಗ ಇ20 (ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್) ಬಿಟ್ಟು ಬೇರೆ ಸಿಗುವುದೇ ಅಪರೂಪ, ಅಲ್ವಾ.

ದುಡ್ಡಿನ ಮಾತು ಆಮೇಲೆ. ನನಗೆ ಮುಖ್ಯವಾಗಿರುವುದು ಹವಾಮಾನದ ವಿಷಯ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಆ ವರ್ಷ ಕನ್ನಂಬಾಡಿ ತುಂಬಲಿಲ್ಲ. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಅಂತ ನಮ್ಮ ಊರಿನವರು ಕಾದು ಕೂತಿದ್ದರು. ಅಂಥದ್ದನ್ನು ನೋಡಿದ ಮೇಲೆ, ಒಬ್ಬನೇ ಕೂತು ದಿನಾ ಆರು ಲೀಟರ್ ಪೆಟ್ರೋಲ್ ಸುಡುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ.

ಆದರೆ ಯಾರನ್ನು ಕೇಳಿದರೂ ಒಂದೊಂದು ಥರ ಹೇಳುತ್ತಾರೆ. ಎಥನಾಲ್ ಕಬ್ಬಿನಿಂದ ಬರುತ್ತೆ, ಹಾಗಾಗಿ ಇ20 ಆಗಲೇ ಹಸಿರು ಇಂಧನ, ಇದೇ ಕಾರು ಓಡಿಸು ಅಂತ ಒಬ್ಬರು. ಸಿಎನ್‌ಜಿ ಕಿಟ್ ಹಾಕಿಸು ಅಂತ ಇನ್ನೊಬ್ಬರು. ಎಲೆಕ್ಟ್ರಿಕ್ ಅಂದರೆ ಹೊಗೆಯನ್ನು ಮಂಡ್ಯದಿಂದ ರಾಯಚೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಕಳಿಸಿದ ಹಾಗೆ ಅಷ್ಟೇ ಅಂತ ಕಂಪನಿಯಲ್ಲಿ ಒಬ್ಬರು ವಾದ ಮಾಡುತ್ತಾರೆ. ಲೆಕ್ಕ ಗೊತ್ತಿರುವವರು ದಯವಿಟ್ಟು ಹೇಳಿ.

ಸ್ಪ್ಯಾನರ್ ಶಿವು

ಸರ್, ಗ್ಯಾರೇಜ್ ಕಡೆಯಿಂದ ಎರಡು ಮಾತು. ಮೈಲೇಜ್ ಇಳಿದಿದ್ದು ನಿಮ್ಮ ಗಾಡಿಯ ತಪ್ಪಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಐದರಲ್ಲಿ ಒಂದು ಪಾಲು ಅದನ್ನೇ ಬೆರೆಸಿದರೆ ಶೇಕಡಾ 6-7ರಷ್ಟು ಶಕ್ತಿ ಕಮ್ಮಿ ಆಗಲೇಬೇಕು. ನೀತಿ ಆಯೋಗದ 2021ರ ವರದಿಯಲ್ಲೂ ಹಳೇ ಕಾರುಗಳಿಗೆ ಇಷ್ಟೇ ಇಳಿಕೆ ಅಂತ ಬರೆದಿದ್ದಾರೆ. ಎಥನಾಲ್‌ನ ಆಕ್ಟೇನ್ (ಎಂಜಿನ್ ಬಡಿತ ತಡೆಯುವ ಗುಣ) ಜಾಸ್ತಿ ಇದೆ ನಿಜ, ಆದರೆ ಅದರ ಲಾಭ ಸಿಗಬೇಕಾದರೆ ಎಂಜಿನ್ನಿನ ಕಂಪ್ರೆಷನ್ ಜಾಸ್ತಿ ಇರಬೇಕು, ಟ್ಯೂನಿಂಗ್ ಬೇರೆ ಇರಬೇಕು. 2013ರ ಎಂಜಿನ್ ಅದಕ್ಕೆ ಮಾಡಿದ್ದಲ್ಲ.

2023ರ ಏಪ್ರಿಲ್‌ನಿಂದ ಈಚೆಗೆ ಬಂದ ಗಾಡಿಗಳಲ್ಲಿ ರಬ್ಬರ್ ಪೈಪು, ಸೀಲು ಎಲ್ಲ ಇ20ಗೆ ಒಗ್ಗುವ ಹಾಗೆ ಇರುತ್ತದೆ. ನಿಮ್ಮದರಲ್ಲಿ ಇರಲ್ಲ. ಎಥನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತೆ. ಹಾಗಾಗಿ ಗಾಡಿಯನ್ನು ತಿಂಗಳುಗಟ್ಟಲೆ ಸುಮ್ನೆ ನಿಲ್ಲಿಸಬೇಡಿ. ಸರ್ವೀಸಿಗೆ ಬಿಟ್ಟಾಗ ಫ್ಯೂಯಲ್ ಪೈಪು ಮತ್ತು ಫಿಲ್ಟರ್ ನೋಡಿ ಅಂತ ಬಾಯಿಬಿಟ್ಟು ಹೇಳಿ, ಕೇಳದಿದ್ದರೆ ಎಷ್ಟೋ ಕಡೆ ನೋಡಲ್ಲ. ದಿನಾ ಓಡುವ ಗಾಡಿಗೆ ತೊಂದರೆ ಕಮ್ಮಿ. ಮೂಲೆಯಲ್ಲಿ ನಿಂತ ಹಳೇ ಬೈಕುಗಳೇ ಜಾಸ್ತಿ ಬರುತ್ತಿವೆ ನಮ್ಮಲ್ಲಿಗೆ.

ಲೈನ್‌ಲಾಸ್

ರಾಯಚೂರಿನ ಮಾತಿಗೆ ನಾನು ಉತ್ತರ ಕೊಡುತ್ತೇನೆ, ವಿದ್ಯುತ್ ಇಲಾಖೆಯಲ್ಲೇ ಬಹಳ ವರ್ಷ ಕಳೆದವನು. ಸ್ವಲ್ಪ ಉದ್ದ ಆಗುತ್ತೆ, ಓದಿ.

ಎಥನಾಲ್ ವಿಷಯ ಸದ್ಯಕ್ಕೆ ಪಕ್ಕಕ್ಕಿಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. 15 ಕಿಲೋಮೀಟರ್ ಮೈಲೇಜ್ ಅಂದರೆ ಕಿಲೋಮೀಟರಿಗೆ 153 ಗ್ರಾಂ. ಕಚ್ಚಾತೈಲ ತೆಗೆಯುವುದು, ಹಡಗಿನಲ್ಲಿ ತರುವುದು, ಶುದ್ಧೀಕರಿಸುವುದು, ಟ್ಯಾಂಕರಿನಲ್ಲಿ ಬಂಕಿಗೆ ತಲುಪಿಸುವುದು, ಇದಕ್ಕೆಲ್ಲ ಇನ್ನೊಂದು ಐದನೇ ಒಂದು ಭಾಗ ಸೇರಿಸಿ. ಒಟ್ಟು 185 ಗ್ರಾಂ ಹತ್ತಿರ.

ಈಗ ಎಲೆಕ್ಟ್ರಿಕ್. ಸಣ್ಣ ಕಾರಿಗೆ ಚಾರ್ಜಿಂಗ್ ನಷ್ಟ ಸೇರಿ ಕಿಲೋಮೀಟರಿಗೆ 0.15 ಯೂನಿಟ್ ಇಟ್ಟುಕೊಳ್ಳಿ. ತಂತಿಯಲ್ಲಿ ಹೋಗುವ ನಷ್ಟ ಸೇರಿಸಿದರೆ 0.17. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ ಇಡೀ ದೇಶದ ಸರಾಸರಿ ಯೂನಿಟ್ಟಿಗೆ ಸುಮಾರು 0.72 ಕೆಜಿ. ಗುಣಿಸಿದರೆ 120 ಗ್ರಾಂ ಆಗುತ್ತದೆ. ಅಂದರೆ ಕಲ್ಲಿದ್ದಲನ್ನೇ ಜಾಸ್ತಿ ನಂಬಿರುವ ನಮ್ಮ ದೇಶದ ಗ್ರಿಡ್‌ನಲ್ಲೂ ಮೂರನೇ ಒಂದು ಭಾಗ ಕಮ್ಮಿ. ಬ್ಯಾಟರಿ, ಬಾಡಿ ತಯಾರಿಸುವಾಗಿನ ಹೊಗೆ ಎಲ್ಲ ಸೇರಿಸಿ ಐಸಿಸಿಟಿ ಅನ್ನುವ ಅಂತಾರಾಷ್ಟ್ರೀಯ ಸಂಸ್ಥೆ 2021ರಲ್ಲಿ ಒಂದು ಅಧ್ಯಯನ ಮಾಡಿತ್ತು. ಅದರ ಪ್ರಕಾರವೂ ಭಾರತದಲ್ಲಿ ಎಲೆಕ್ಟ್ರಿಕ್ ಕಾರಿನ ಪೂರ್ತಿ ಆಯುಷ್ಯದ ಹೊಗೆ ಪೆಟ್ರೋಲ್ ಕಾರಿಗಿಂತ ಶೇಕಡಾ 19ರಿಂದ 34ರಷ್ಟು ಕಮ್ಮಿ. ಹಾಗಾಗಿ "ಹೊಗೆ ರಾಯಚೂರಿಗೆ ಹೋಯಿತು ಅಷ್ಟೇ" ಅನ್ನುವುದು ತಪ್ಪು ಮಾತು. ಒಂದಷ್ಟು ಹೋಗುತ್ತದೆ, ಒಂದಷ್ಟು ಹುಟ್ಟುವುದೇ ಇಲ್ಲ.

ನಮ್ಮ ರಾಜ್ಯದ್ದು ಇನ್ನೂ ಮಿಶ್ರ ಚಿತ್ರ. ಒಂದು ಕಡೆ ಶರಾವತಿ 1,035 ಮೆಗಾವ್ಯಾಟ್, ಕೈಗಾ 880, ಪಾವಗಡದ ಸೋಲಾರ್ ಪಾರ್ಕ್ 2,050. ಇನ್ನೊಂದು ಕಡೆ ರಾಯಚೂರು 1,720, ಬಳ್ಳಾರಿ 1,700, ಯರಮರಸ್ 1,600, ಮೂರೂ ಕಲ್ಲಿದ್ದಲು. ನಮ್ಮಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲ, ಎಲ್ಲ ಹೊರಗಿನಿಂದ ರೈಲಿನಲ್ಲಿ ಬರಬೇಕು. ಮಳೆ ಹೋದರೆ ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರು ಉಳಿಸಿಕೊಳ್ಳಬೇಕಾಗುತ್ತದೆ, ಆಗ ಭಾರ ಹೆಚ್ಚಾಗಿ ಕಲ್ಲಿದ್ದಲಿನ ಮೇಲೆ ಬೀಳುತ್ತದೆ. 2023ರಲ್ಲಿ ಆಗಿದ್ದು ಅದೇ, ಪಂಪ್‌ಸೆಟ್ಟುಗಳಿಗೆ ಕರೆಂಟ್ ಸಾಲದೆ ರೈತರು ಪಟ್ಟ ಪಾಡು ನಿಮಗೇ ಗೊತ್ತು. ಬರ ಬಂದ ವರ್ಷವೇ ನಾವು ಜಾಸ್ತಿ ಕಲ್ಲಿದ್ದಲು ಸುಡುತ್ತೇವೆ. ಇದು ನನಗೆ ಯಾವಾಗಲೂ ಸಂಕಟ ತರುವ ವಿಷಯ.

ಅದಕ್ಕೇ ನಾನು ಹೇಳುವುದು, ಎಷ್ಟು ಚಾರ್ಜ್ ಮಾಡುತ್ತೀರಿ ಅನ್ನುವಷ್ಟೇ ಯಾವಾಗ ಮಾಡುತ್ತೀರಿ ಅನ್ನುವುದೂ ಮುಖ್ಯ. ಬೆಳಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಗ್ರಿಡ್‌ನಲ್ಲಿ ಸೋಲಾರ್ ತುಂಬಿರುತ್ತದೆ. ಸಂಜೆ 7ರ ಹೊತ್ತಿಗೆ ಸೂರ್ಯ ಇಲ್ಲ, ಎಲ್ಲರ ಮನೆಯಲ್ಲೂ ದೀಪ, ಟಿವಿ, ಗೀಸರ್. ಆ ಹೊತ್ತಿಗೆ ಪ್ಲಗ್ ಹಾಕಿದರೆ ನಿಮ್ಮ ಪಾಲಿಗೆ ಬರುವುದು ಹೆಚ್ಚಾಗಿ ಕಲ್ಲಿದ್ದಲು. ನಿಮ್ಮ ಕಾರು ಹಗಲೆಲ್ಲ ಕಂಪನಿಯ ಪಾರ್ಕಿಂಗ್‌ನಲ್ಲಿ ನಿಂತಿರುತ್ತದೆ, ಅಲ್ವಾ? ದಿನದ 90 ಕಿಲೋಮೀಟರಿಗೆ ಬೇಕಾಗಿರುವುದು 13-14 ಯೂನಿಟ್. ಸಾಧಾರಣ 16 ಆಂಪಿಯರ್ ಪ್ಲಗ್ ಪಾಯಿಂಟ್ ಇದ್ದರೂ ಐದು ಗಂಟೆಯೊಳಗೆ ತುಂಬುತ್ತದೆ. ಕಂಪನಿಯವರನ್ನು ಅಷ್ಟು ಕೇಳಿ ನೋಡಿ, ಯೂನಿಟ್ಟಿನ ದುಡ್ಡು ನೀವೇ ಕೊಡುತ್ತೇನೆ ಅನ್ನಿ.

ಸಿಎನ್‌ಜಿ ಬಗ್ಗೆ: ಒಂದು ಕೆಜಿ ಉರಿದರೆ 2.75 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. 24 ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ 115 ಗ್ರಾಂ. ಈವತ್ತಿನ ಲೆಕ್ಕದಲ್ಲಿ ಎಲೆಕ್ಟ್ರಿಕ್ ಹತ್ತಿರಕ್ಕೇ ಬರುತ್ತದೆ ಅಂತ ಒಪ್ಪುತ್ತೇನೆ. ಆದರೆ ಸಿಎನ್‌ಜಿ ಅಂದರೆ ಮೀಥೇನ್. ಬಾವಿಯಿಂದ ಬಂಕಿನವರೆಗೆ ಎಲ್ಲೇ ಸೋರಿದರೂ, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 80 ಪಟ್ಟು ಬಿಸಿ ಹಿಡಿದಿಡುತ್ತದೆ. ಇನ್ನೊಂದು, ನೀವು ಈ ವರ್ಷ ಹಾಕಿಸಿದ ಕಿಟ್ ಹತ್ತು ವರ್ಷ ಆದಮೇಲೂ ಅಷ್ಟೇ ಹೊಗೆ ಬಿಡುತ್ತದೆ. ಎಲೆಕ್ಟ್ರಿಕ್ ಕಾರು ಹಾಗಲ್ಲ, ಗ್ರಿಡ್‌ಗೆ ಸೋಲಾರ್, ಗಾಳಿ ಸೇರಿದ ಹಾಗೆಲ್ಲ ನಿಮ್ಮ ಮನೆ ಮುಂದೆ ನಿಂತ ಅದೇ ಕಾರಿನ ಲೆಕ್ಕ ತಾನಾಗಿ ಇಳಿಯುತ್ತಾ ಹೋಗುತ್ತದೆ.

ಕಬ್ಬಿನಗದ್ದೆ

ಮೇಲಿನ ಸರ್ ಎಥನಾಲ್ ಪಕ್ಕಕ್ಕಿಟ್ಟರು. ನಾನು ಅದನ್ನೇ ಎತ್ತಿಕೊಳ್ಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ತಾತನ ಕಾಲದಿಂದ ಕಬ್ಬೇ ಬೆಳೆ.

ಎಥನಾಲ್ ಉರಿದಾಗ ಬರುವ ಇಂಗಾಲವನ್ನು ಕಬ್ಬು ಬೆಳೆಯುವಾಗ ಗಾಳಿಯಿಂದಲೇ ಎಳೆದುಕೊಂಡಿರುತ್ತದೆ, ಹಾಗಾಗಿ ಲೆಕ್ಕ ಸರಿಹೋಯಿತು ಅಂತ ಹೇಳುತ್ತಾರೆ. ಅರ್ಧ ಸರಿ. ಯೂರಿಯಾ ಎಲ್ಲಿಂದ ಬಂತು? ಅದು ನೈಸರ್ಗಿಕ ಅನಿಲದಿಂದ ಮಾಡುವುದು. ಗದ್ದೆಗೆ ಹಾಕಿದ ಮೇಲೆ ಅದರಿಂದ ನೈಟ್ರಸ್ ಆಕ್ಸೈಡ್ ಹೊರಡುತ್ತದೆ, ಅದೂ ಭೂಮಿಯನ್ನು ಬಿಸಿ ಮಾಡುವ ಅನಿಲವೇ. ಟ್ರ್ಯಾಕ್ಟರ್, ಪಂಪು, ಕಾರ್ಖಾನೆಗೆ ಹೋಗುವ ಲಾರಿ ಎಲ್ಲ ಇದೆ. ಇಷ್ಟಾದರೂ ಪೆಟ್ರೋಲ್‌ಗಿಂತ ಎಥನಾಲ್‌ನ ಇಂಗಾಲ ಕಮ್ಮಿಯೇ, ಅದನ್ನು ಅಲ್ಲಗಳೆಯಲ್ಲ. ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನೇ ಉರಿಸಿ ಹಬೆ ಮಾಡಿಕೊಳ್ಳುತ್ತವೆ, ಅದು ಒಳ್ಳೆಯದೇ.

ನನ್ನ ತಕರಾರು ನೀರಿನದ್ದು. ಶಿವು ಅವರು ಹೇಳಿದ ನೀತಿ ಆಯೋಗದ ವರದಿಯಲ್ಲೇ ಇದೆ, ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಮಾಡಲು ಸುಮಾರು 2,860 ಲೀಟರ್ ನೀರು ಬೇಕು. ನೀವು 30 ಲೀಟರ್ ಇ20 ಹಾಕಿಸಿದರೆ ಅದರಲ್ಲಿ 6 ಲೀಟರ್ ಎಥನಾಲ್. ಅದು ಪೂರ್ತಿ ಕಬ್ಬಿನದ್ದೇ ಆಗಿದ್ದರೆ 17,000 ಲೀಟರ್ ನೀರು. ಮೂರು ಟ್ಯಾಂಕರ್ ನೀರು ಸರ್! ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ನಮ್ಮ ಜಮೀನು. ನೀರು ಬಿಟ್ಟರೂ ನಮ್ಮವರೆಗೆ ಬರುವ ಹೊತ್ತಿಗೆ ಕಟ್ಟು (ನೀರು ಬಿಡುವ ಸರದಿ) ಮುಗಿದಿರುತ್ತದೆ. ಈ ಕಡೆ ಬೆಂಗಳೂರಿಗೆ ಕುಡಿಯಲು ಬೇಕು, ಆ ಕಡೆ ತಮಿಳುನಾಡಿಗೆ ಬಿಡಬೇಕು. ಅಂಥ ಕಾವೇರಿಯ ನೀರನ್ನು ಕಾರಿನ ಟ್ಯಾಂಕಿಗೆ ತುಂಬಿಸಿ ಅದಕ್ಕೆ ಹಸಿರು ಅಂತ ಹೆಸರಿಡುವುದನ್ನು ಒಪ್ಪುವುದು ನನಗೆ ಕಷ್ಟ.

ಈಗ ಮೆಕ್ಕೆಜೋಳದ ಎಥನಾಲ್ ಜಾಸ್ತಿ ಆಗಿದೆ, ನಿಜ. 2023ರ ಡಿಸೆಂಬರ್‌ನಲ್ಲಿ ಬರದಿಂದ ಸಕ್ಕರೆ ಕೊರತೆ ಆಗಬಹುದು ಅಂತ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ತಡೆ ಹಾಕಿತು, ಮುಂದಿನ ವರ್ಷ ತೆಗೆಯಿತು. ಆ ಹೊತ್ತಿಗೆ ಮೆಕ್ಕೆಜೋಳಕ್ಕೆ ಬೇಡಿಕೆ ಏರಿತು. ದಾವಣಗೆರೆ, ಹಾವೇರಿ ಕಡೆಯವರಿಗೆ ಅನುಕೂಲ ಆಗಬೇಕಿತ್ತು. ಆದರೆ 2025ರ ನವೆಂಬರ್ ಹೊತ್ತಿಗೆ ಅದೇ ಮೆಕ್ಕೆಜೋಳ 2,400 ರೂಪಾಯಿ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಬಿತ್ತು. ಅದೇ ತಿಂಗಳು ಬೆಳಗಾವಿಯ ಗುರ್ಲಾಪುರದಲ್ಲಿ ಕಬ್ಬಿನ ರೈತರು ಟನ್ನಿಗೆ 3,500 ಕೇಳಿ ರಸ್ತೆಯಲ್ಲಿ ಕೂತರು. ದೇಶ ಶೇಕಡಾ 20ರ ಮಿಶ್ರಣದ ಗುರಿ ಮುಟ್ಟಿದ ವರ್ಷವೇ ಇದು. ಎಥನಾಲ್‌ನಿಂದ ರೈತ ಉದ್ಧಾರ ಆದ ಅನ್ನುವವರು ಈ ಎರಡನ್ನೂ ಜೊತೆಯಲ್ಲಿಟ್ಟು ನೋಡಬೇಕು.

ಬ್ರೆಜಿಲ್ ನೋಡಿ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಅವರು 1975ರಿಂದ ದೊಡ್ಡ ಮಟ್ಟದಲ್ಲಿ ಎಥನಾಲ್ ಮಾಡುತ್ತಿದ್ದಾರೆ, ಅವರ ಕಬ್ಬು ಬಹುಪಾಲು ಮಳೆಯಲ್ಲೇ ಬೆಳೆಯುತ್ತದೆ. 2003ರಿಂದ ಎರಡೂ ಇಂಧನಕ್ಕೆ ಒಗ್ಗುವ ಕಾರುಗಳಿವೆ, ಬಂಕ್‌ನಲ್ಲಿ ಯಾವುದು ಬೇಕೋ ಅದನ್ನು ಹಾಕಿಸಿಕೊಳ್ಳುವ ಆಯ್ಕೆ ಇದೆ. ನಮ್ಮಲ್ಲಿ ನಾಲೆಯ ನೀರು, ಬೋರ್‌ವೆಲ್ ನೀರು, ಆಯ್ಕೆಯೂ ಇಲ್ಲ.

ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಸೋಸಿದಾಗ ಉಳಿಯುವ ಪ್ರೆಸ್‌ಮಡ್‌ನಿಂದ ಅನಿಲ ತೆಗೆದು ವಾಹನಕ್ಕೆ ತುಂಬುವುದಾದರೆ ಬೇಕಾದರೆ ಮಾಡಲಿ. ಹೇಗೂ ಉಳಿದ ಪದಾರ್ಥ, ಅದಕ್ಕೆ ಹೊಸದಾಗಿ ಒಂದು ಹನಿ ನೀರೂ ಬೆಳೆಗೆ ಬೇಕಿಲ್ಲ. ಆ ಅನಿಲಕ್ಕೆ ಜಾಸ್ತಿ ಒತ್ತು ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೊಂಗೆನೆರಳು

ಅಕ್ಕ ನೀರಿನ ಮಾತು ಎತ್ತಿದ್ದಕ್ಕೆ ಒಂದು ಸೇರಿಸುತ್ತೇನೆ. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಇದೆ. ಹೊಂಗೆ, ಬೇವು, ಹಿಪ್ಪೆ ಬೀಜಗಳ ಎಣ್ಣೆಯಿಂದ ಬಯೋಡೀಸೆಲ್ ಮಾಡುವುದನ್ನು ಅಲ್ಲಿ ತೋರಿಸುತ್ತಾರೆ. ರಾಜ್ಯ 2009ರಲ್ಲೇ ಜೈವಿಕ ಇಂಧನ ನೀತಿ ತಂದಿತ್ತು. ಬದುವಿನಲ್ಲಿ, ಬರಡು ಜಮೀನಿನಲ್ಲಿ ಬರುವ ಮರ, ನೀರು ಕೇಳಲ್ಲ, ದನ ತಿನ್ನಲ್ಲ, ಎಣ್ಣೆ ತೆಗೆದ ಮೇಲೆ ಹಿಂಡಿ ಗೊಬ್ಬರಕ್ಕೆ ಬರುತ್ತೆ. ಇಷ್ಟೆಲ್ಲ ಇದ್ದೂ ದೊಡ್ಡದಾಗಿ ಬೆಳೆಯಲಿಲ್ಲ. ಮರ ಫಲ ಕೊಡಲು ಐದಾರು ವರ್ಷ ಕಾಯಬೇಕು, ಬೀಜ ಆಯುವ ಕೂಲಿಗೆ ತಕ್ಕ ಬೆಲೆ ಸಿಗಲ್ಲ. ನಿಮ್ಮ ಪೆಟ್ರೋಲ್ ಕಾರಿಗೆ ಇದು ಉಪಯೋಗ ಇಲ್ಲ, ಗೊತ್ತು. ಆದರೆ ಊರಿನ ಪಂಪು, ಟ್ರ್ಯಾಕ್ಟರಿನ ಡೀಸೆಲ್‌ಗೆ ಬೆರೆಸುವಷ್ಟಾದರೂ ಆಗಬೇಕಿತ್ತು. ಬೀಜಕ್ಕೆ ಖಾತರಿ ಬೆಲೆ ಇದ್ದಿದ್ದರೆ ಹೆಂಗಸರ ಸಂಘಗಳು ಇದನ್ನು ನಡೆಸಿಕೊಂಡು ಹೋಗುತ್ತಿದ್ದವು.

ಮೆಮು ಪ್ರಯಾಣಿಕೆ

ಎಲ್ಲರೂ ಯಾವ ಕಾರು, ಯಾವ ಇಂಧನ ಅಂತಲೇ ಮಾತಾಡುತ್ತಿದ್ದೀರಿ. ಮಂಡ್ಯ–ಮೈಸೂರು ನಡುವೆ ಜೋಡಿ ಹಳಿ ಇದೆ, ಅದಕ್ಕೆ ಕರೆಂಟ್ ಲೈನೂ ಇದೆ! ನಾನು ಅದೇ ದಾರಿಯಲ್ಲಿ ರೈಲಿನಲ್ಲಿ ಓಡಾಡುತ್ತೇನೆ. ನೂರಾರು ಜನ ಒಟ್ಟಿಗೆ ಹೋಗುವ ಕರೆಂಟ್ ರೈಲಿನ ಮುಂದೆ ಒಬ್ಬರೇ ಕೂತು ಹೋಗುವ ಯಾವ ಕಾರೂ ನಿಲ್ಲಲ್ಲ, ಅದು ಎಲೆಕ್ಟ್ರಿಕ್ಕೇ ಆಗಿರಲಿ.

ಮೈಸೂರು ಸ್ಟೇಷನ್ನಿನಿಂದ ಹೆಬ್ಬಾಳಕ್ಕೆ ಏಳೆಂಟು ಕಿಲೋಮೀಟರ್. ಅದೇ ತಾಪತ್ರಯ, ಒಪ್ಪುತ್ತೇನೆ. ಸಿಟಿ ಬಸ್ ಸಮಯಕ್ಕೆ ಸಿಗದಿದ್ದರೆ ಒಂದು ಎಲೆಕ್ಟ್ರಿಕ್ ಸ್ಕೂಟರ್ ಸ್ಟೇಷನ್ ಪಾರ್ಕಿಂಗ್‌ನಲ್ಲಿ ಇಟ್ಟುಕೊಳ್ಳಿ. ಲೈನ್‌ಲಾಸ್ ಸರ್ ಲೆಕ್ಕದಲ್ಲೇ ಹೇಳುವುದಾದರೆ ಸ್ಕೂಟರಿಗೆ ಕಿಲೋಮೀಟರಿಗೆ 0.03 ಯೂನಿಟ್ ಸಾಕು, 25 ಗ್ರಾಂ ಹತ್ತಿರ. ಕಾರಿಗೆ 120. ಟನ್ನಿಗೂ ಹೆಚ್ಚು ಕಬ್ಬಿಣ ಎಳೆದುಕೊಂಡು ಹೋಗುವ ಬದಲು ನೂರು ಕೆಜಿ ಗಾಡಿಯಲ್ಲಿ ಹೋದರೆ ವ್ಯತ್ಯಾಸ ಬಂದೇ ಬರುತ್ತದೆ.

ಕೆರೆಏರಿ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಪ್ರಯಾಣಿಕೆ ಮೇಡಂ, ನಿಮ್ಮ ಮಾತು ಸರಿ. ನನಗೆ ಶಿಫ್ಟ್ ಕೆಲಸ. ಬೆಳಗಿನ ಶಿಫ್ಟ್ ಇರುವ ವಾರ ರೈಲು ಹೊಂದುತ್ತದೆ, ಆ ವಾರ ಸ್ಕೂಟರ್ ಯೋಚನೆ ಮಾಡುತ್ತೇನೆ. ಎರಡನೇ ಶಿಫ್ಟ್ ಮುಗಿಯುವುದು ರಾತ್ರಿ ಹನ್ನೊಂದರ ಹತ್ತಿರ, ಆಗ ಗಾಡಿ ಬೇಕೇ ಬೇಕು. ಅಪ್ಪ ಅಮ್ಮ ನಾಗಮಂಗಲ ಕಡೆ ಹಳ್ಳಿಯಲ್ಲಿದ್ದಾರೆ, ಅಲ್ಲಿಗೂ ಬಸ್ಸು ಕಮ್ಮಿ.

ಎರಡು ಪ್ರಶ್ನೆ ಉಳಿದಿದೆ. ಒಂದು, ಓಡುತ್ತಿರುವ ಕಾರನ್ನು ಬಿಟ್ಟು ಹೊಸದು ತಗೊಂಡರೆ ಹೊಸ ಕಾರು ತಯಾರಿಸುವ ಹೊಗೆ ನನ್ನ ತಲೆಗೇ ಬರುತ್ತೆ ಅಲ್ವಾ? ಎರಡು, ಮನೆಗೆ ಗೃಹಜ್ಯೋತಿ ಇದೆ. ಎರಡನೇ ಶಿಫ್ಟ್ ಇದ್ದಾಗ ಮನೆಯಲ್ಲೇ ಹಗಲು ಚಾರ್ಜ್ ಮಾಡಬಹುದು, ಆದರೆ ಅದರಿಂದ ಬಿಲ್ ಏನಾಗುತ್ತೆ?

ಕಬ್ಬಿನಗದ್ದೆ

ಮೊದಲನೆಯದರ ಜೊತೆಗೆ ಬ್ಯಾಟರಿಯ ಗಣಿಗಾರಿಕೆಯನ್ನೂ ಕೇಳಬೇಕಿತ್ತು ನೀವು. ಅದು ನಮ್ಮ ಜಿಲ್ಲೆಗೇ ಬಂದಿದೆ. ಶ್ರೀರಂಗಪಟ್ಟಣ ತಾಲೂಕಿನ ಮರಳಗಾಲ–ಅಲ್ಲಾಪಟ್ಟಣ ಹತ್ತಿರ 1,600 ಟನ್ ಲಿಥಿಯಂ ಇದೆ ಅಂತ ಪರಮಾಣು ಖನಿಜ ನಿರ್ದೇಶನಾಲಯ ಹೇಳಿದೆ. ತೆಗೆಯುವುದಾದರೆ ಸುತ್ತಲಿನ ಹಳ್ಳಿಗಳ ಅಂತರ್ಜಲ ಏನಾಗುತ್ತೆ ಅಂತ ಈಗಲೇ ಕೇಳಬೇಕು, ಗಣಿ ಶುರುವಾದ ಮೇಲಲ್ಲ. ಕಾರು ತಗೊಳ್ಳುವುದಾದರೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯದ್ದು ನೋಡಿ, ಅದರಲ್ಲಿ ಕೋಬಾಲ್ಟ್, ನಿಕಲ್ ಇರಲ್ಲ, ಬಾಳಿಕೆಯೂ ಜಾಸ್ತಿ.

ಲೈನ್‌ಲಾಸ್

ಮೊದಲನೆಯದಕ್ಕೆ ಉತ್ತರ, ಎಷ್ಟು ಓಡಿಸುತ್ತೀರಿ ಅನ್ನುವುದರ ಮೇಲಿದೆ. 30 ಯೂನಿಟ್ ಬ್ಯಾಟರಿ ತಯಾರಿಗೆ ಅಂದಾಜು ಎರಡರಿಂದ ಮೂರು ಟನ್ ಕಾರ್ಬನ್ ಡೈಆಕ್ಸೈಡ್. ಕಾರಿನ ಉಳಿದ ಭಾಗವನ್ನೂ ನಿಮ್ಮ ಲೆಕ್ಕಕ್ಕೇ ಹಾಕಿದರೆ ಒಟ್ಟು ಏಳೆಂಟು ಟನ್. ಕಿಲೋಮೀಟರಿಗೆ 65 ಗ್ರಾಂ ಉಳಿತಾಯ ಅಂದರೆ ಆ ಸಾಲ ತೀರುವುದಕ್ಕೆ ಸುಮಾರು 1.2 ಲಕ್ಷ ಕಿಲೋಮೀಟರ್ ಬೇಕು. ನಿಮ್ಮ ಓಡಾಟ ವರ್ಷಕ್ಕೆ 25,000 ದಾಟುತ್ತೆ, ಐದು ವರ್ಷದೊಳಗೆ ತೀರುತ್ತದೆ. ಹಗಲು ಸೋಲಾರ್ ಹೊತ್ತಿನಲ್ಲಿ ಚಾರ್ಜ್ ಮಾಡಿದರೆ ಇನ್ನೂ ಬೇಗ. ವರ್ಷಕ್ಕೆ ಐದು ಸಾವಿರ ಓಡಿಸುವವರು ಕೇಳಿದ್ದರೆ ಹಳೇ ಕಾರನ್ನೇ ಚೆನ್ನಾಗಿ ಇಟ್ಟುಕೊಳ್ಳಿ ಅನ್ನುತ್ತಿದ್ದೆ. ನೀವು ತಿಂಗಳಿನ ಅರ್ಧದಷ್ಟು ದಿನಗಳು ರೈಲಿನಲ್ಲಿ ಹೋಗುವುದಾದರೆ ಲೆಕ್ಕ ಮತ್ತೆ ಬದಲಾಗುತ್ತೆ. ಹಾಗಾಗಿ ಮೊದಲು ಸ್ಕೂಟರ್ ಮತ್ತು ರೈಲು, ಕಾರಿನ ನಿರ್ಧಾರ ಆರು ತಿಂಗಳು ಬಿಟ್ಟು ಮಾಡಿ.

ಗೃಹಜ್ಯೋತಿ: 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನೀವೇ ಕಟ್ಟಬೇಕು, ದಾಟಿದಷ್ಟಕ್ಕೆ ಮಾತ್ರ ಅಲ್ಲ. ಕಾರನ್ನು ಪೂರ್ತಿ ಮನೆಯಲ್ಲೇ ಚಾರ್ಜ್ ಮಾಡಿದರೆ ತಿಂಗಳಿಗೆ 300 ಯೂನಿಟ್ ಮೇಲೇ ಹೋಗುತ್ತದೆ. ಅದಕ್ಕೆ ಚೆಸ್ಕಾಂನಲ್ಲಿ ಕಾರಿಗೆ ಅಂತಲೇ ಬೇರೆ ಮೀಟರಿಗೆ ಅರ್ಜಿ ಹಾಕಿ. ಎಲೆಕ್ಟ್ರಿಕ್ ವಾಹನದ ಚಾರ್ಜಿಂಗ್‌ಗೆ ಪ್ರತ್ಯೇಕ ದರ ಇದೆ, ಮನೆಯ ಮೀಟರ್ ಹಾಗೇ ಉಳಿಯುತ್ತದೆ. ಅರ್ಜಿ ಹಾಕುವ ಮೊದಲು ಒಬ್ಬ ಎಲೆಕ್ಟ್ರೀಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಹಳೇ ಮನೆಗಳಲ್ಲಿ ಅದೇ ಸರಿ ಇರಲ್ಲ, ಅರ್ಥಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಚಾರ್ಜರುಗಳು ಶುರುವೇ ಆಗಲ್ಲ.